ಗುಟ್ಟು ಯಾರದು, ಹೆಸರು ಯಾರದು?



ಕಳೆದ ತಿಂಗಳ ನಮ್ಮ ಯುವಬಳಗದ ಸಭೆಗೆ ಗೊತ್ತುಮಾಡಿದ್ದ ವಿಷಯ ಹತ್ತು ಕಟ್ಟಳೆಗಳಲ್ಲಿ ಎಂಟನೆಯದು: ಸುಳ್ಳುಸಾಕ್ಷಿ ಹೇಳಬಾರದು. ಇದರಲ್ಲಿ ಚರ್ಚೆ ಮಾಡುವುದಕ್ಕೆ ಏನಿದೆ, ಅರ್ಧ ಗಂಟೆಯಲ್ಲಿ ಮುಗಿಸಿ ಹಬ್ಬದ ಲೆಕ್ಕ ನೋಡೋಣ ಎಂದುಕೊಂಡಿದ್ದೆವು. ಆದರೆ ಪ್ಲಸ್ ಟೂ ಓದುವ ಹುಡುಗಿಯೊಬ್ಬಳು ಎದ್ದು ನಿಂತು, “ಅಣ್ಣಾ, ಸುಳ್ಳು ಹೇಳಿದರೆ ಪಾಪ, ಸರಿ. ನಿಜ ಹೇಳಿದ್ದಕ್ಕೆ ಜೈಲಿಗೆ ಹಾಕಿದರೆ ಅದು ಯಾರ ಪಾಪ?” ಎಂದು ಕೇಳಿದಳು. ಅವಳ ಮನಸ್ಸಿನಲ್ಲಿದ್ದವರು ವಿಕಿಲೀಕ್ಸ್ ಸಂಸ್ಥೆಯ ಜೂಲಿಯನ್ ಅಸಾಂಜ್.

ಹಿಂದಿನ ಬೆಂಚಿನಲ್ಲಿ ಕೂತಿದ್ದ, ಸೈನ್ಯದಲ್ಲಿದ್ದು ನಿವೃತ್ತರಾದ ಮಾಮ ಒಬ್ಬರು ತಮಿಳಿನಲ್ಲಿ ಉತ್ತರ ಕೊಟ್ಟರು. ನಮ್ಮ ಸಭೆಗಳೇ ಹಾಗೆ. ಪ್ರಶ್ನೆ ಕನ್ನಡದಲ್ಲಿ, ಉತ್ತರ ತಮಿಳಿನಲ್ಲಿ, ನಡುವೆ ನಗು ತೆಲುಗಿನಲ್ಲಿ. ಅವರು ಹೇಳಿದ್ದರ ಸಾರ ಇಷ್ಟು: “ನಿಜ ಅಂತ ಎಲ್ಲವನ್ನೂ ಬೀದಿಗೆ ಹಾಕೋದಕ್ಕಾಗುತ್ತಾ ಮಗಳೇ? ರಾತ್ರಿ ಪಹರೆಯವನು ಎಲ್ಲಿ ನಿಂತಿದ್ದಾನೆ ಅನ್ನೋದೂ ನಿಜವೇ. ಅದನ್ನ ಶತ್ರುವಿಗೆ ಹೇಳಿದರೆ ಬೆಳಗಾಗುವಷ್ಟರಲ್ಲಿ ಅವನು ಹೆಣ.” ಆ ಮಾತಿಗೆ ಯಾರೂ ನಗಲಿಲ್ಲ.

ಹಬ್ಬದ ಲೆಕ್ಕ ಆ ದಿನ ನೋಡಲಾಗಲಿಲ್ಲ. ಅಂದಿನಿಂದ ನಾವು ನಾಲ್ಕಾರು ಜನ ಈ ಮೊಕದ್ದಮೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ ಮಾತಾಡಿಕೊಂಡೆವು. ಆ ಹುಡುಗಿಗೂ ಮಾಮನಿಗೂ ಇಬ್ಬರಿಗೂ ಉತ್ತರ ಕೊಡಬೇಕಲ್ಲ.

ಮೊದಲು ನಡೆದದ್ದನ್ನು ಹೇಳುತ್ತೇವೆ. ಅಸಾಂಜ್ ಹುಟ್ಟಿದ್ದು 1971ರಲ್ಲಿ, ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ. ಹುಡುಗನಾಗಿದ್ದಾಗಲೇ ಇತರರ ಕಂಪ್ಯೂಟರುಗಳಿಗೆ ನುಗ್ಗುವುದರಲ್ಲಿ ನಿಪುಣ. 1996ರಲ್ಲಿ ಅಲ್ಲಿನ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದವರು. 2006ರಲ್ಲಿ ವಿಕಿಲೀಕ್ಸ್ ಆರಂಭಿಸಿದರು. ಯಾವುದೇ ಸರ್ಕಾರ ಅಥವಾ ಕಂಪನಿಯ ಒಳಗಿನವರು ತಮ್ಮ ಹೆಸರು ಗೊತ್ತಾಗದ ಹಾಗೆ ದಾಖಲೆ ಕಳಿಸಬಹುದು, ಸಂಸ್ಥೆ ಅದನ್ನು ಪರಿಶೀಲಿಸಿ ಮೂಲರೂಪದಲ್ಲೇ ಪ್ರಕಟಿಸುತ್ತದೆ ಎಂಬುದು ಅದರ ಕ್ರಮ. ಇದಕ್ಕೆ ಅವರು ‘ವೈಜ್ಞಾನಿಕ ಪತ್ರಿಕೋದ್ಯಮ’ ಎಂದು ಹೆಸರಿಟ್ಟರು: ಸುದ್ದಿಯ ಜತೆಗೇ ಅದರ ಮೂಲ ದಾಖಲೆಯೂ ಇರಬೇಕು, ಓದುವವನೇ ಹೋಲಿಸಿ ನೋಡಬೇಕು. ಬಿ.ಎಸ್ಸಿ. ಓದಿದ ನಮ್ಮಂಥವರಿಗೆ ಈ ಮಾತು ಹಿಡಿಸುತ್ತದೆ. ಲ್ಯಾಬ್ ರೆಕಾರ್ಡಿನಲ್ಲಿ ಬಂದ ರೀಡಿಂಗ್ ಬರೆಯಬೇಕು, ಬರಬೇಕಾಗಿದ್ದ ರೀಡಿಂಗ್ ಅಲ್ಲ ಎಂದು ಮೂರು ವರ್ಷ ಬೈಸಿಕೊಂಡವರು ನಾವು.

2010ರ ಏಪ್ರಿಲ್ 5ರಂದು ವಿಕಿಲೀಕ್ಸ್ ಒಂದು ವಿಡಿಯೊ ಪ್ರಕಟಿಸಿತು. ಅದು 2007ರ ಜುಲೈ 12ರಂದು ಬಾಗ್ದಾದ್ ನಗರದ ಮೇಲೆ ಹಾರುತ್ತಿದ್ದ ಅಮೆರಿಕದ ಅಪಾಚೆ ಹೆಲಿಕಾಪ್ಟರಿನಿಂದ ಚಿತ್ರೀಕರಣವಾದದ್ದು. ಬೀದಿಯಲ್ಲಿ ನಿಂತ ಗುಂಪಿನ ಮೇಲೆ ಗುಂಡಿನ ಮಳೆ. ಸತ್ತವರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಯ ಇಬ್ಬರು: ಛಾಯಾಗ್ರಾಹಕ ನಮೀರ್ ನೂರ್ ಎಲ್ದೀನ್ ಮತ್ತು ಚಾಲಕ ಸಯೀದ್ ಚ್ಮಾಗ್. ಸಯೀದ್ ಗಾಯಗೊಂಡು ತೆವಳುತ್ತಿರುವಾಗ ಒಂದು ವ್ಯಾನು ಬಂದು ನಿಲ್ಲುತ್ತದೆ, ಇಳಿದವರು ಅವರನ್ನು ಎತ್ತಿಕೊಳ್ಳಲು ನೋಡುತ್ತಾರೆ. ಹೆಲಿಕಾಪ್ಟರು ವ್ಯಾನಿಗೂ ಹೊಡೆಯುತ್ತದೆ. ವ್ಯಾನಿನಲ್ಲಿ ಇಬ್ಬರು ಮಕ್ಕಳಿದ್ದರು. ಅವರ ತಂದೆ ಸತ್ತರು, ಮಕ್ಕಳು ತೀವ್ರವಾಗಿ ಗಾಯಗೊಂಡು ಬದುಕಿದರು. ತನ್ನ ನೌಕರರು ಹೇಗೆ ಸತ್ತರು ಎಂದು ತಿಳಿಯಲು ರಾಯಿಟರ್ಸ್ ಅಮೆರಿಕದ ಮಾಹಿತಿ ಹಕ್ಕು ಕಾನೂನಿನಡಿ ಈ ವಿಡಿಯೊ ಕೇಳಿತ್ತು. ಸಿಕ್ಕಿರಲಿಲ್ಲ. ಗುಂಪಿನಲ್ಲಿ ಕೆಲವರ ಬಳಿ ಆಯುಧ ಇತ್ತು, ನಿಯಮದಂತೆಯೇ ಗುಂಡು ಹಾರಿಸಲಾಯಿತು ಎಂಬುದು ಸೈನ್ಯದ ವಿಚಾರಣೆಯ ನಿಲುವು. ಯಾರ ಮೇಲೂ ಮೊಕದ್ದಮೆ ಆಗಲಿಲ್ಲ.

ಅದೇ ವರ್ಷ ಜುಲೈಯಲ್ಲಿ ಅಫ್ಘಾನಿಸ್ತಾನದ ಯುದ್ಧದ ಹತ್ತಾರು ಸಾವಿರ ವರದಿಗಳು, ಅಕ್ಟೋಬರಿನಲ್ಲಿ ಇರಾಕ್ ಯುದ್ಧದ 3,91,832 ವರದಿಗಳು, ನವೆಂಬರಿನಿಂದ ಅಮೆರಿಕದ ರಾಯಭಾರ ಕಚೇರಿಗಳ 2,51,287 ಸಂದೇಶಗಳು ಹೊರಬರತೊಡಗಿದವು. ಇವನ್ನೆಲ್ಲ ಒದಗಿಸಿದ್ದು ಇರಾಕಿನಲ್ಲಿದ್ದ ಸೈನ್ಯದ ಗುಪ್ತಮಾಹಿತಿ ವಿಶ್ಲೇಷಕಿ ಚೆಲ್ಸಿ ಮ್ಯಾನಿಂಗ್. ಆಗ ವಯಸ್ಸು 22, ಅಂದರೆ ನಮ್ಮ ಯುವಬಳಗದ ಬಹುಪಾಲು ಜನರ ವಯಸ್ಸು. 2013ರಲ್ಲಿ ಸೈನಿಕ ನ್ಯಾಯಾಲಯ 35 ವರ್ಷ ಶಿಕ್ಷೆ ಕೊಟ್ಟಿತು. ಅಧ್ಯಕ್ಷ ಒಬಾಮ 2017ರಲ್ಲಿ ಅದನ್ನು ಇಳಿಸಿದ್ದರಿಂದ ಸುಮಾರು ಏಳು ವರ್ಷಕ್ಕೆ ಬಿಡುಗಡೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಮ್ಯಾನಿಂಗ್ ಸೈನಿಕಳಾಗಿ ಗುಟ್ಟು ಕಾಯುವೆನೆಂದು ಮಾತು ಕೊಟ್ಟವಳು. ಅಸಾಂಜ್ ಯಾರಿಗೂ ಅಂಥ ಮಾತು ಕೊಟ್ಟವರಲ್ಲ, ಅಮೆರಿಕದ ಪ್ರಜೆಯೂ ಅಲ್ಲ. ಕೊಟ್ಟ ಮಾತು ಮುರಿಯುವುದು ಒಂದು ಪ್ರಶ್ನೆ, ತನ್ನ ಕೈಗೆ ಬಂದ ನಿಜವನ್ನು ಪ್ರಕಟಿಸುವುದು ಇನ್ನೊಂದು ಪ್ರಶ್ನೆ. ಚರ್ಚೆಯಲ್ಲಿ ನಾವು ಎರಡನ್ನೂ ಬೆರೆಸಿ ಬಹಳ ಹೊತ್ತು ಕಳೆದೆವು.

ಮೊದಲ ಪ್ರಶ್ನೆಗೆ ನಮ್ಮ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲೇ ಉತ್ತರವಿದೆ, ಅದೂ ಸೈನಿಕರನ್ನು ಹೆಸರಿಸಿಯೇ. ಎಂಟನೆಯ ಕಟ್ಟಳೆಯ ವಿವರಣೆಯಲ್ಲಿ 2491ನೆಯ ಅಂಕಣ ನೋಡಿ. ಅಧಿಕಾರದಲ್ಲಿರುವವರು, ಸೈನಿಕರು, ವೈದ್ಯರು, ವಕೀಲರು ತಮ್ಮ ವೃತ್ತಿಯಲ್ಲಿ ತಿಳಿದ ಗುಟ್ಟನ್ನು ಕಾಯಬೇಕು. ಕಾಯುವುದರಿಂದಲೇ ಯಾರಿಗಾದರೂ ಅತಿ ಗಂಭೀರ ಹಾನಿ ಆಗುವುದಿದ್ದರೆ, ನಿಜ ಹೇಳುವುದನ್ನು ಬಿಟ್ಟು ಅದನ್ನು ತಪ್ಪಿಸಲು ಬೇರೆ ದಾರಿ ಇಲ್ಲದಿದ್ದರೆ ಆಗ ಮಾತ್ರ ಹೇಳಬಹುದು ಎಂಬುದು ಅದರ ತಾತ್ಪರ್ಯ. ಪಾಪನಿವೇದನೆಯ ಗುಟ್ಟಿನ ವಿಷಯ ಬೇರೆ, ಅದಕ್ಕೆ ಯಾವ ವಿನಾಯಿತಿಯೂ ಇಲ್ಲ. ಉಳಿದ ಗುಟ್ಟುಗಳಿಗೆ ಬಾಗಿಲು ಇದೆ, ಆದರೆ ಕಿರಿದು.

ಬಾಗ್ದಾದಿನ ವಿಡಿಯೊ ಆ ಕಿರಿದಾದ ಬಾಗಿಲಲ್ಲಿ ಹಾದುಹೋಗುತ್ತದೆಯೇ? ಸತ್ತವರು ಸತ್ತು ಮೂರು ವರ್ಷ ಆಗಿತ್ತು, ಹಾನಿ ತಪ್ಪಿಸುವುದಕ್ಕೆ ಏನು ಉಳಿದಿತ್ತು ಎಂದು ನಮ್ಮಲ್ಲೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ನಾವು ಹೀಗೆ ಯೋಚಿಸಿದೆವು: ಯುದ್ಧ ಇನ್ನೂ ನಡೆಯುತ್ತಿತ್ತು, ಅದೇ ಹೆಲಿಕಾಪ್ಟರುಗಳು ಅದೇ ನಿಯಮಗಳನ್ನಿಟ್ಟುಕೊಂಡು ಹಾರುತ್ತಿದ್ದವು. ತಪ್ಪು ಮುಚ್ಚಿಹೋದಲ್ಲಿ ಅದು ಮತ್ತೆ ನಡೆಯುತ್ತದೆ. ಸತ್ತವರ ಮನೆಯವರಿಗೆ ನಿಜ ತಿಳಿಯುವ ಹಕ್ಕೂ ಇತ್ತು. ನೇರ ದಾರಿಯಲ್ಲಿ ಕೇಳಿದವರಿಗೆ ಬಾಗಿಲು ಮುಚ್ಚಿತ್ತು. ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ತಟ್ಟಿತು. ಆ ದಿನ ನೆಲದ ಮೇಲಿದ್ದ ಈಥನ್ ಮೆಕಾರ್ಡ್ ಎಂಬ ಸೈನಿಕ ಗಾಯಗೊಂಡ ಮಗುವನ್ನು ಎತ್ತಿಕೊಂಡು ಓಡಿದವನು. ವಿಡಿಯೊ ಹೊರಬಂದ ಮೇಲೆ ಅವನೂ ಅದೇ ತುಕಡಿಯಲ್ಲಿದ್ದ ಇನ್ನೊಬ್ಬನೂ ಸೇರಿ ಇರಾಕಿನ ಜನರಿಗೆ ಬಹಿರಂಗ ಪತ್ರ ಬರೆದು ಕ್ಷಮೆ ಕೇಳಿದರು. ಗುಟ್ಟು ಗುಟ್ಟಾಗಿಯೇ ಉಳಿದಿದ್ದರೆ ಕ್ಷಮೆ ಕೇಳುವುದಕ್ಕೂ ಎಡೆ ಇರುತ್ತಿರಲಿಲ್ಲ.

ಒಂದು ತಕರಾರು ನಮ್ಮದೂ ಇದೆ. ವಿಕಿಲೀಕ್ಸ್ ಆ ವಿಡಿಯೊಗೆ ಕೊಟ್ಟ ಹೆಸರಿನಲ್ಲೇ ‘ಕೊಲೆ’ ಎಂಬ ಪದ ಇತ್ತು. ಓದುಗನೇ ನೋಡಿ ತೀರ್ಮಾನಿಸಲಿ ಎಂದವರು ತೀರ್ಪನ್ನು ಶೀರ್ಷಿಕೆಯಲ್ಲೇ ಬರೆದುಕೊಟ್ಟರು. ಪೂರ್ತಿ ವಿಡಿಯೊ ಜತೆಗೇ ಕೊಟ್ಟರು ನಿಜ, ಆದರೆ ಹೆಚ್ಚು ಜನ ನೋಡಿದ್ದು ಕತ್ತರಿಸಿದ್ದನ್ನು.

ಇನ್ನು ಅಫ್ಘಾನ್ ವರದಿಗಳು. ಮಾಮ ಹೇಳಿದ ಪಹರೆಯವನು ಇಲ್ಲಿ ಸಿಗುತ್ತಾನೆ. ಆ ವರದಿಗಳಲ್ಲಿ ಅಮೆರಿಕದ ಸೈನ್ಯಕ್ಕೆ ಮಾಹಿತಿ ಕೊಟ್ಟ ಅಫ್ಘಾನ್ ಹಳ್ಳಿಗರ ಹೆಸರುಗಳಿದ್ದವು. ವಿಕಿಲೀಕ್ಸ್ ಸುಮಾರು 15,000 ವರದಿಗಳನ್ನು ತಡೆಹಿಡಿದಿತ್ತಾದರೂ ಪ್ರಕಟವಾದವುಗಳಲ್ಲೂ ಹೆಸರು ಉಳಿದಿದ್ದವು. ತಾಲಿಬಾನಿನವರು ‘ನಾವೂ ಓದುತ್ತಿದ್ದೇವೆ’ ಎಂಬರ್ಥದ ಮಾತಾಡಿದರು. ಆಮ್ನೆಸ್ಟಿಯಂಥ ಮಾನವಹಕ್ಕು ಸಂಸ್ಥೆಗಳೇ ಹೆಸರು ತೆಗೆಯಿರಿ ಎಂದು ಕೇಳಿಕೊಂಡವು. ಆ ಹಳ್ಳಿಗ ಯಾರು? ಬಹುಶಃ ದಾರಿಯಲ್ಲಿ ಬಾಂಬು ಹೂತದ್ದನ್ನು ಕಂಡು, ತನ್ನ ಮಕ್ಕಳು ಅದೇ ದಾರಿಯಲ್ಲಿ ಹೋಗುತ್ತಾರಲ್ಲ ಎಂದು ಯಾರಿಗೋ ಹೇಳಿದವನು. ಅವನು ಯುದ್ಧ ಶುರುಮಾಡಲಿಲ್ಲ, ಯಾವ ಸರ್ಕಾರವೂ ಅವನದಲ್ಲ. ಅವನ ಹೆಸರು ಲೋಕಕ್ಕೆ ತಿಳಿದರೆ ಯಾವ ಸತ್ಯ ಬೆಳಗಿತು?

ನಮ್ಮ ಧರ್ಮಕೇಂದ್ರದಲ್ಲಿ ಬಡವರಿಗೆ ನೆರವು ಕೊಡುವ ಸಂಘದ ಕ್ರಮ ನಿಮಗೆ ಗೊತ್ತಿದೆ. ವರ್ಷಕ್ಕೊಮ್ಮೆ ಪೂಜೆಯ ನಂತರ ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಮನೆಗೆ ಅಕ್ಕಿ, ಎಷ್ಟು ಮಕ್ಕಳಿಗೆ ಫೀಸು ಎಂದು ಲೆಕ್ಕ ಓದುತ್ತಾರೆ. ಯಾವ ಮನೆ, ಯಾರ ಮಗು ಎಂದು ಓದುವುದಿಲ್ಲ. ಲೆಕ್ಕ ಮುಚ್ಚಿಟ್ಟರೆ ನಾವು ಸುಮ್ಮನಿರುವುದಿಲ್ಲ. ಹಾಗೆಂದು ಯಾರಾದರೂ ಆ ನೋಟ್‌ಬುಕ್ಕಿನ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರೆ? ಅದರಲ್ಲಿ ಒಂದಕ್ಷರ ಸುಳ್ಳಿರುವುದಿಲ್ಲ. ಆದರೂ ಮರುದಿನದಿಂದ ಆ ಮನೆಯವರು ದೇವಾಲಯದ ಮೆಟ್ಟಿಲು ಹತ್ತುವುದು ಕಷ್ಟ. ಲೆಕ್ಕ ಎಲ್ಲರದು, ಹೆಸರು ಅವರದು. ವಿಕಿಲೀಕ್ಸ್ ಮಾಡಿದ್ದರಲ್ಲಿ ಸರಿ ಯಾವುದು ತಪ್ಪು ಯಾವುದು ಎಂದು ಬೇರೆ ಮಾಡಲು ನಮಗೆ ಸಿಕ್ಕಿದ ಗೆರೆ ಇದೇ.

ಗೆರೆ ಎಳೆಯುವುದು ಸುಲಭ, ಪಾಲಿಸುವುದಕ್ಕೆ ಕೂತು ಓದಬೇಕು. ಇಲ್ಲಿ ಡೇನಿಯಲ್ ಎಲ್ಸ್‌ಬರ್ಗ್ ಅವರನ್ನು ನೆನೆಯದೆ ಆಗುವುದಿಲ್ಲ. ವಿಯೆಟ್ನಾಂ ಯುದ್ಧದ ಬಗ್ಗೆ ಅಮೆರಿಕದ ಸರ್ಕಾರ ತನ್ನ ಜನರಿಗೇ ಸುಳ್ಳು ಹೇಳುತ್ತಾ ಬಂದದ್ದನ್ನು ತೋರಿಸುವ ಸುಮಾರು 7,000 ಪುಟಗಳ ರಹಸ್ಯ ಅಧ್ಯಯನವನ್ನು ಅವರು ನಕಲು ಮಾಡಿ ಪತ್ರಿಕೆಗಳಿಗೆ ಕೊಟ್ಟದ್ದು 1971ರಲ್ಲಿ. ಜೆರಾಕ್ಸ್ ಯಂತ್ರದ ಮುಂದೆ ರಾತ್ರಿಗಟ್ಟಲೆ ನಿಂತು ಒಂದೊಂದೇ ಹಾಳೆ. ಆದರೆ ಶಾಂತಿ ಮಾತುಕತೆಗಳಿಗೆ ಸಂಬಂಧಿಸಿದ ನಾಲ್ಕು ಸಂಪುಟಗಳನ್ನು ಅವರು ಪತ್ರಿಕೆಗಳಿಗೆ ಕೊಡಲಿಲ್ಲ. ಮಾತುಕತೆ ಕೆಟ್ಟರೆ ಸಾಯುವವರು ಇನ್ನಷ್ಟು ಜನ ಎಂದು. ಕೊಟ್ಟದ್ದೂ ತಿಳಿದು, ಕೊಡದೆ ಉಳಿಸಿದ್ದೂ ತಿಳಿದು. ಅಸಾಂಜ್ ಕೈಯಲ್ಲಿದ್ದ ರಾಯಭಾರ ಸಂದೇಶಗಳೇ ಎರಡೂವರೆ ಲಕ್ಷ. ಒಂದಕ್ಕೆ ಮೂರು ನಿಮಿಷದಂತೆ, ದಿನಕ್ಕೆ ಎಂಟು ಗಂಟೆ, ಭಾನುವಾರವೂ ಬಿಡದೆ ಒಬ್ಬ ಓದಿದರೆ ನಾಲ್ಕು ವರ್ಷ ದಾಟುತ್ತದೆ. ಜೆರಾಕ್ಸಿನ ಕಾಲದಲ್ಲಿ ಶ್ರಮವೇ ಒಂದು ತಡೆಯಾಗಿತ್ತು. ಈಗ ಎಲ್ಲವೂ ಒಂದು ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ, ವಿವೇಕಕ್ಕೆ ಸಮಯ ಸಿಗುವುದಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ಅಸಾಂಜ್ ರಾಯಭಾರ ಸಂದೇಶಗಳ ವಿಷಯದಲ್ಲಿ ಮೊದಲು ಎಚ್ಚರದಿಂದಲೇ ಇದ್ದರು. ನ್ಯೂಯಾರ್ಕ್ ಟೈಮ್ಸ್, ಗಾರ್ಡಿಯನ್, ಲ ಮೊಂದ್, ದೇರ್ ಶ್ಪೀಗೆಲ್, ಎಲ್ ಪಾಯಿಸ್ ಎಂಬ ಐದು ಪತ್ರಿಕೆಗಳ ಜತೆ ಸೇರಿ ಹೆಸರುಗಳನ್ನು ಅಳಿಸಿ ಸ್ವಲ್ಪಸ್ವಲ್ಪವಾಗಿ ಪ್ರಕಟಿಸಿದರು. ಆದರೆ 2011ರಲ್ಲಿ ಗಾರ್ಡಿಯನ್ ಪತ್ರಿಕೆಯ ಇಬ್ಬರು ಬರೆದ ಪುಸ್ತಕದಲ್ಲಿ ಆ ಕಡತದ ಪಾಸ್‌ವರ್ಡ್ ಅಚ್ಚಾಗಿತ್ತು; ಬೀಗ ಹಾಕಿದ ಕಡತದ ಪ್ರತಿಗಳು ಅಂತರ್ಜಾಲದಲ್ಲಿ ಅಲ್ಲಲ್ಲಿ ಬಿದ್ದಿದ್ದವು. ಕೀಲಿಯೂ ಬೀಗವೂ ಜತೆಯಾದವು. ಅಪಾಯವಿದೆ ಎಂದು ಎಚ್ಚರಿಸಲು ಅಸಾಂಜ್ ಅಮೆರಿಕದ ವಿದೇಶಾಂಗ ಇಲಾಖೆಗೇ ಫೋನ್ ಮಾಡಿದ್ದರು. ಆಮೇಲೆ ಸೆಪ್ಟೆಂಬರ್ 2ರಂದು, ಹೇಗೂ ಹೊರಬಿದ್ದಾಗಿದೆ ಎಂದು, ಹೆಸರು ಅಳಿಸದೆ ಎಲ್ಲವನ್ನೂ ತಾವೇ ಪ್ರಕಟಿಸಿಬಿಟ್ಟರು. ಐದೂ ಪತ್ರಿಕೆಗಳು ಅದನ್ನು ಖಂಡಿಸಿದವು. ಊರಿನ ಬಾವಿಗೆ ಯಾರೋ ಕಸ ಹಾಕಿದ್ದಾರೆಂದು ನಾವೂ ಒಂದು ಬುಟ್ಟಿ ಹಾಕುತ್ತೇವೆಯೇ?

ಇದರಿಂದ ಯಾರಾದರೂ ಸತ್ತರೇ? ಮ್ಯಾನಿಂಗ್ ವಿಚಾರಣೆಯಲ್ಲಿ ಸಾಕ್ಷಿ ಹೇಳಿದ ಸೇನಾಧಿಕಾರಿ ಇಂಥವರು ಸತ್ತರೆಂದು ಬೊಟ್ಟುಮಾಡಿ ತೋರಿಸಲಾಗಲಿಲ್ಲ. ಲಂಡನ್ನಿನಲ್ಲಿ ಅಮೆರಿಕದ ಪರ ವಕೀಲರು ಕೆಲವರು ಆಮೇಲೆ ಕಾಣೆಯಾದರು ಎಂದರು. ಇದರಿಂದಲೇ ಎಂದು ರುಜುವಾತು ಮಾಡಲಾಗದು ಎಂದೂ ಒಪ್ಪಿಕೊಂಡರು. ಅಸಾಂಜ್ ಬೆಂಬಲಿಗರು ಇದನ್ನೇ ಹಿಡಿದು ‘ನೋಡಿ, ಯಾರಿಗೂ ಏನೂ ಆಗಲಿಲ್ಲ’ ಎನ್ನುತ್ತಾರೆ. ಶಾಲೆ ಬಿಡುವ ಹೊತ್ತಿನಲ್ಲಿ ಊರಿನ ನಡುವೆ ಲಾರಿಯನ್ನು ಬಿರುಸಾಗಿ ಓಡಿಸಿದವನೂ ಹಾಗೇ ಹೇಳಬಹುದು. ಮಗು ಅಡ್ಡ ಬರದಿದ್ದದ್ದು ಚಾಲಕನ ಪುಣ್ಯವಲ್ಲ, ಮಗುವಿನದು.

ಮೊಕದ್ದಮೆಗೆ ಬರೋಣ. 2010ರ ಆಗಸ್ಟಿನಲ್ಲಿ ಸ್ವೀಡನ್ನಿನ ಇಬ್ಬರು ಮಹಿಳೆಯರು ಅಸಾಂಜ್ ಮೇಲೆ ಲೈಂಗಿಕ ದೌರ್ಜನ್ಯದ ದೂರು ಕೊಟ್ಟರು. ಅವರು ನಿರಾಕರಿಸಿದರು. ಸ್ವೀಡನ್ನಿಗೆ ಕಳಿಸುವುದನ್ನು ತಡೆಯಲು ಲಂಡನ್ನಿನಲ್ಲಿ ಹೋರಾಡಿ ಸೋತು, 2012ರ ಜೂನ್ 19ರಂದು ಈಕ್ವೆಡಾರ್ ರಾಯಭಾರ ಕಚೇರಿಯ ಒಳಹೊಕ್ಕರು. ಸ್ವೀಡನ್ನಿಗೆ ಹೋದರೆ ಅಲ್ಲಿಂದ ಅಮೆರಿಕಕ್ಕೆ ಕಳಿಸುತ್ತಾರೆ ಎಂಬುದು ಅವರು ಕೊಟ್ಟ ಕಾರಣ. ಸುಮಾರು ಏಳು ವರ್ಷ ಆ ಕೆಲವು ಕೋಣೆಗಳಲ್ಲೇ ಬದುಕು. 2019ರಲ್ಲಿ ಸ್ವೀಡನ್ ತನಿಖೆ ಕೈಬಿಟ್ಟಿತು. ಇಷ್ಟರಲ್ಲಿ ಆ ಇಬ್ಬರು ಮಹಿಳೆಯರ ಹೆಸರುಗಳೇ ಅಂತರ್ಜಾಲದಲ್ಲಿ ಹರಿದಾಡಿ ಅವರು ಎಷ್ಟು ನಿಂದನೆ ತಿಂದರೋ. ಅವರ ಮಾತು ಯಾವ ನ್ಯಾಯಾಲಯದಲ್ಲೂ ಪರೀಕ್ಷೆಗೆ ಬರಲಿಲ್ಲ. ಅಸಾಂಜ್ ತಪ್ಪಿತಸ್ಥರೆಂದಾಗಲಿ ನಿರ್ದೋಷಿಯೆಂದಾಗಲಿ ತೀರ್ಪಿಲ್ಲ. ಸತ್ಯಕ್ಕಾಗಿ ಹೋರಾಡುವವರ ಗುಂಪಿನಲ್ಲಿ ಈ ಒಂದು ಸತ್ಯ ಯಾರಿಗೂ ಬೇಡವಾಯಿತು. ನಮ್ಮ ಸಭೆಯ ಅಕ್ಕಂದಿರು ಇದನ್ನು ಎರಡು ಸಲ ನೆನಪಿಸಿದ್ದರಿಂದ ಇಲ್ಲಿ ಬರೆದಿದ್ದೇವೆ, ನಮಗಾಗಿಯೇ ನೆನಪಾಗಿದ್ದಲ್ಲ.

2019ರ ಏಪ್ರಿಲ್ 11ರಂದು ಈಕ್ವೆಡಾರ್ ಆಶ್ರಯ ಹಿಂತೆಗೆದುಕೊಂಡಿತು, ಬ್ರಿಟಿಷ್ ಪೊಲೀಸರು ಒಳಬಂದು ಅವರನ್ನು ಹೊತ್ತು ಹೊರತಂದರು. ಜಾಮೀನು ಮುರಿದದ್ದಕ್ಕೆ 50 ವಾರ ಜೈಲು. ಅಮೆರಿಕ ಮೊದಲು ಕಂಪ್ಯೂಟರಿಗೆ ನುಗ್ಗಲು ಸಂಚು ಹೂಡಿದ ಒಂದು ಆರೋಪ ಹೊರಿಸಿತು. ಮೇ ತಿಂಗಳಲ್ಲಿ 1917ರ ಗೂಢಚರ್ಯೆ ಕಾಯಿದೆಯಡಿ ಇನ್ನೂ 17. ಒಟ್ಟು ಸೇರಿಸಿದರೆ 175 ವರ್ಷದವರೆಗೆ ಶಿಕ್ಷೆ ಆಗಬಹುದಿತ್ತು. ಒಬಾಮ ಕಾಲದ ಅಧಿಕಾರಿಗಳು ಇದೇ ದಾಖಲೆಗಳ ವಿಷಯದಲ್ಲಿ ಅಸಾಂಜ್ ಮೇಲೆ ಆರೋಪ ಹೊರಿಸಲು ಹಿಂಜರಿದಿದ್ದರು. ಇವರ ಮೇಲೆ ಹಾಕಿದರೆ ನ್ಯೂಯಾರ್ಕ್ ಟೈಮ್ಸ್ ಮೇಲೆ ಯಾಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಗದೆ.

ಆ 17ರಲ್ಲಿ ಮೂರು ಆರೋಪಗಳು ಮಾಹಿತಿ ಕೊಟ್ಟವರ ಹೆಸರು ಪ್ರಕಟಿಸಿದ್ದಕ್ಕೆ ಸಂಬಂಧಿಸಿದವು. ನಾವು ಮೇಲೆ ಎಳೆದ ಗೆರೆಯನ್ನೇ ಅವರೂ ಎಳೆದರಲ್ಲವೇ ಎಂದು ನಮಗೆ ಮೊದಲು ಅನ್ನಿಸಿತು. ಹಾಗಲ್ಲ. ಉಳಿದವು ದಾಖಲೆ ಪಡೆದದ್ದಕ್ಕೆ, ಪಡೆಯಲು ಪ್ರೋತ್ಸಾಹಿಸಿದ್ದಕ್ಕೆ. ಅಷ್ಟನ್ನು ಎಲ್ಲ ದೇಶಗಳ ತನಿಖಾ ಪತ್ರಕರ್ತರೂ ಮಾಡುತ್ತಾರೆ. ಇನ್ನೂ ಮುಖ್ಯವಾದದ್ದೆಂದರೆ ಆ ಕಾಯಿದೆ ‘ಏಕೆ’ ಎಂದು ಕೇಳುವುದೇ ಇಲ್ಲ. ಎಲ್ಸ್‌ಬರ್ಗ್ ಮೇಲೂ ಇದೇ ಕಾಯಿದೆಯಡಿ ಮೊಕದ್ದಮೆ ನಡೆದಾಗ, ಅವರ ವಕೀಲರು ‘ಯಾಕೆ ನಕಲು ಮಾಡಿದಿರಿ’ ಎಂದು ಕೇಳಿದರು. ನ್ಯಾಯಾಧೀಶರು ಉತ್ತರ ಹೇಳಲು ಬಿಡಲಿಲ್ಲ. (ಸರ್ಕಾರವೇ ಅವರ ಮನೋವೈದ್ಯರ ಕಚೇರಿಗೆ ಕಳ್ಳರನ್ನು ನುಗ್ಗಿಸಿದ್ದು ಬಯಲಾಗಿ 1973ರಲ್ಲಿ ಆ ಮೊಕದ್ದಮೆ ಬಿದ್ದುಹೋಯಿತು. ಅದೂ ಒಂದು ಗುಟ್ಟು!) ಹಣಕ್ಕಾಗಿ ಶತ್ರುವಿಗೆ ಮಾರಿದವನೂ, ಸತ್ತವರಿಗಾಗಿ ಜನರ ಮುಂದಿಟ್ಟವನೂ ಆ ಕಾಯಿದೆಯ ತಕ್ಕಡಿಯಲ್ಲಿ ಒಂದೇ ತೂಕ. ಪಾಪನಿವೇದನೆಗೆ ಹೋದ ಚಿಕ್ಕ ಮಗುವನ್ನೂ ಗುರುಗಳು ‘ಯಾಕಪ್ಪಾ ಹಾಗೆ ಮಾಡಿದೆ’ ಎಂದು ಕೇಳುತ್ತಾರೆ. ಮಾಡಿದ್ದು ಏನು, ಯಾವ ಉದ್ದೇಶದಿಂದ, ಯಾವ ಸಂದರ್ಭದಲ್ಲಿ ಎಂದು ಮೂರನ್ನೂ ನೋಡದೆ ಒಂದು ಕೆಲಸ ಒಳ್ಳೆಯದೋ ಕೆಟ್ಟದ್ದೋ ಹೇಳಲಾಗದು ಎಂದು ನಾವು ಕಲಿತದ್ದು.

ನಮ್ಮ ದೇಶದಲ್ಲೂ ಇಂಥದ್ದು ಇಲ್ಲವೆಂದಲ್ಲ. 1923ರ ಅಧಿಕೃತ ರಹಸ್ಯ ಕಾಯಿದೆ ಬ್ರಿಟಿಷರು ಬಿಟ್ಟುಹೋದದ್ದು, ಇನ್ನೂ ಜಾರಿಯಲ್ಲಿದೆ. 2011ರಲ್ಲಿ ‘ದಿ ಹಿಂದೂ’ ಪತ್ರಿಕೆ ಭಾರತಕ್ಕೆ ಸಂಬಂಧಿಸಿದ ವಿಕಿಲೀಕ್ಸ್ ಸಂದೇಶಗಳನ್ನು ಸರಣಿಯಾಗಿ ಪ್ರಕಟಿಸಿದಾಗ ಸಂಸತ್ತಿನಲ್ಲಿ ಗದ್ದಲವಾದದ್ದು ಹಿರಿಯರಿಗೆ ನೆನಪಿರಬಹುದು. ರಫೇಲ್ ವಿಮಾನ ಖರೀದಿಯ ಕಡತದ ಪುಟಗಳನ್ನು ಅದೇ ಪತ್ರಿಕೆ ಪ್ರಕಟಿಸಿದಾಗ ಅವು ಕದ್ದ ದಾಖಲೆಗಳು, ನ್ಯಾಯಾಲಯ ನೋಡಬಾರದು ಎಂದು ಕೇಂದ್ರ ಸರ್ಕಾರ ವಾದಿಸಿತು. ನೋಡಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2019ರ ಏಪ್ರಿಲ್ 10ರಂದು, ಅಂದರೆ ಅಸಾಂಜ್ ಬಂಧನದ ಹಿಂದಿನ ದಿನ. ಮೊಕದ್ದಮೆಯ ಮುಖ್ಯ ಪ್ರಶ್ನೆಯಲ್ಲಿ ಸರ್ಕಾರವೇ ಆಮೇಲೆ ಗೆದ್ದಿತು, ಅದು ಬೇರೆ ಮಾತು. ಕೇಳುವುದಕ್ಕಾದರೂ ಬಾಗಿಲು ತೆರೆಯಿತು.

ವ್ಯಾಟಿಕನ್ನಿನ ಮಾತು ಬಿಟ್ಟು ಬೇರೆಯವರ ಗುಟ್ಟಿನ ಬಗ್ಗೆ ಮಾತ್ರ ಬರೆದರೆ ಅದು ಪ್ರಾಮಾಣಿಕತೆ ಆಗುವುದಿಲ್ಲ. 2012ರಲ್ಲಿ ಜಗದ್ಗುರು 16ನೆಯ ಬೆನೆಡಿಕ್ಟರ ಸೇವಕ ಪಾವೊಲೊ ಗಾಬ್ರಿಯೆಲೆ ಅವರ ಮೇಜಿನ ಖಾಸಗಿ ಪತ್ರಗಳನ್ನು ನಕಲು ಮಾಡಿ ಪತ್ರಕರ್ತರೊಬ್ಬರಿಗೆ ಕೊಟ್ಟರು. ಧರ್ಮಸಭೆಯೊಳಗಿನ ಕೆಡುಕು ಜಗದ್ಗುರುಗಳಿಗೆ ತಿಳಿಯುತ್ತಿಲ್ಲ, ಅದಕ್ಕೇ ಹೀಗೆ ಮಾಡಿದೆ ಎಂಬುದು ಅವರ ಸಮಜಾಯಿಷಿ. ಕಳ್ಳತನಕ್ಕಾಗಿ 18 ತಿಂಗಳ ಶಿಕ್ಷೆ ಆಯಿತು. ಕ್ರಿಸ್ಮಸ್‌ಗೆ ಮೂರು ದಿನ ಮುಂಚೆ ಜಗದ್ಗುರುಗಳೇ ಸೆರೆಮನೆಗೆ ಹೋಗಿ ಅವರನ್ನು ಕಂಡು ಕ್ಷಮಿಸಿ ಬಿಡುಗಡೆ ಮಾಡಿಸಿದರು. ಆದರೆ ಹಳೆಯ ಕೆಲಸಕ್ಕೆ ಮರಳಿ ತೆಗೆದುಕೊಳ್ಳಲಿಲ್ಲ. ಕೊಟ್ಟ ಮಾತು ಮುರಿದದ್ದಕ್ಕೆ ಬೆಲೆಯೂ ಇತ್ತು, ಮನುಷ್ಯನಿಗೆ ಕ್ಷಮೆಯೂ ಇತ್ತು. ಮೂರು ವರ್ಷದ ನಂತರ ಇನ್ನೊಂದು ಸೋರಿಕೆ. ಈ ಸಲ ಪುಸ್ತಕ ಬರೆದ ಇಬ್ಬರು ಇಟಲಿಯ ಪತ್ರಕರ್ತರನ್ನೇ ವ್ಯಾಟಿಕನ್ ನ್ಯಾಯಾಲಯದ ಮುಂದೆ ನಿಲ್ಲಿಸಲಾಯಿತು. 2016ರ ಜುಲೈಯಲ್ಲಿ ತೀರ್ಪು ಬಂತು: ದಾಖಲೆ ಕೊಟ್ಟ ಒಳಗಿನವರಿಗೆ ಶಿಕ್ಷೆ, ಹೊರಗಿನ ಪತ್ರಕರ್ತರ ಮೇಲೆ ತನಗೆ ಅಧಿಕಾರವಿಲ್ಲ ಎಂದು ಅವರನ್ನು ಬಿಟ್ಟಿತು. ಕೊಡುವವನಿಗೂ ಪ್ರಕಟಿಸುವವನಿಗೂ ವ್ಯತ್ಯಾಸವಿದೆ ಎಂದು ಆ ಚಿಕ್ಕ ರಾಜ್ಯದ ನ್ಯಾಯಾಲಯ ಕಂಡುಕೊಂಡಿತು, ಇಷ್ಟು ದೊಡ್ಡ ಅಮೆರಿಕ ಕಾಣಲಿಲ್ಲ. ಹಾಗೆಂದು ನಾವು ಎದೆ ಉಬ್ಬಿಸುವಂತೆಯೂ ಇಲ್ಲ. ಮಕ್ಕಳ ಮೇಲೆ ಗುರುಗಳಿಂದಲೇ ನಡೆದ ದೌರ್ಜನ್ಯದ ದೂರುಗಳಿಗೆ ಇದ್ದ ಅಧಿಕೃತ ಗೌಪ್ಯತೆಯನ್ನು ಜಗದ್ಗುರು ಫ್ರಾನ್ಸಿಸರು ತೆಗೆದುಹಾಕಿದ್ದು 2019ರ ಡಿಸೆಂಬರಿನಲ್ಲಿ. ಅಷ್ಟು ತಡವಾಗಿ. ಅದಕ್ಕೆ ಮುಂಚೆ ಆ ಕಡತಗಳ ನಿಜ ಹೊರಬಂದದ್ದು ಬಹುಪಾಲು ಪತ್ರಕರ್ತರಿಂದ, ನ್ಯಾಯಾಲಯಗಳಿಂದ, ಎಲ್ಲಕ್ಕಿಂತ ಮೊದಲು ನೊಂದವರ ಬಾಯಿಂದ.

ಲಂಡನ್ನಿನ ಬೆಲ್‌ಮಾರ್ಷ್ ಸೆರೆಮನೆಯಲ್ಲಿ ಅಸಾಂಜ್ ಐದು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ಮೊದಲ ಕೆಲವು ತಿಂಗಳು ಬಿಟ್ಟರೆ ಉಳಿದದ್ದು ಯಾವ ಶಿಕ್ಷೆಗೂ ಅಲ್ಲ, ಅಮೆರಿಕಕ್ಕೆ ಕಳಿಸಬೇಕೇ ಬೇಡವೇ ಎಂಬುದು ಇತ್ಯರ್ಥವಾಗದೆ. 2021ರ ಜನವರಿಯಲ್ಲಿ ನ್ಯಾಯಾಧೀಶೆ ವನೆಸ್ಸಾ ಬರೈಟ್ಸರ್ ಕಳಿಸಬಾರದು ಎಂದರು; ಪತ್ರಿಕಾ ಸ್ವಾತಂತ್ರ್ಯಕ್ಕಾಗಿ ಅಲ್ಲ, ಅಲ್ಲಿನ ಏಕಾಂತ ಸೆರೆಯಲ್ಲಿ ಆತ್ಮಹತ್ಯೆ ಮಾಡಿಕೊಳ್ಳಬಹುದು ಎಂದು. ವರ್ಷದ ಕೊನೆಗೆ ಮೇಲಿನ ನ್ಯಾಯಾಲಯ ಅದನ್ನು ತಿರುಗಿಸಿತು. ಆ ನಡುವೆ, ಮಾರ್ಚಿನಲ್ಲಿ, ಜಗದ್ಗುರು ಫ್ರಾನ್ಸಿಸರ ಪತ್ರವೊಂದನ್ನು ಸೆರೆಮನೆಯ ಗುರುಗಳು ಅವರ ಕೋಣೆಯ ಬಾಗಿಲಿಗೆ ತಲುಪಿಸಿದರು. 2023ರ ಜೂನ್ 30ರಂದು ಅವರ ಪತ್ನಿ ಸ್ಟೆಲ್ಲಾ ಜಗದ್ಗುರುಗಳನ್ನು ಭೇಟಿಯಾದರು. ಇದನ್ನು ಅಸಾಂಜ್ ಮಾಡಿದ್ದೆಲ್ಲ ಸರಿ ಎಂಬ ತೀರ್ಪೆಂದು ನಾವು ತಿಳಿಯುವುದಿಲ್ಲ. ಸೆರೆಯಲ್ಲಿರುವವರನ್ನು ನೋಡಲು ಹೋಗಬೇಕು ಎಂಬುದಕ್ಕೆ ಅವರ ತಪ್ಪುಒಪ್ಪಿನ ಲೆಕ್ಕ ಮೊದಲು ಮುಗಿಯಬೇಕಾಗಿಲ್ಲ.

2024ರ ಜೂನ್ 26ರಂದು, ಪೆಸಿಫಿಕ್ ಸಾಗರದ ನಡುವೆ ಸೈಪಾನ್ ಎಂಬ ದ್ವೀಪದಲ್ಲಿರುವ ಅಮೆರಿಕದ ನ್ಯಾಯಾಲಯದಲ್ಲಿ ಎಲ್ಲವೂ ಕೆಲವೇ ಗಂಟೆಗಳಲ್ಲಿ ಮುಗಿಯಿತು. ಒಪ್ಪಂದ ಹೀಗಿತ್ತು: ಒಂದು ಆರೋಪಕ್ಕೆ ತಪ್ಪಿತಸ್ಥ ಎಂದು ಒಪ್ಪಿಕೊಳ್ಳುವುದು, ಕಳೆದ 62 ತಿಂಗಳ ಸೆರೆಯನ್ನೇ ಶಿಕ್ಷೆಯೆಂದು ಎಣಿಸುವುದು, ಮನೆಗೆ ಹೋಗುವುದು. ಅಸಾಂಜ್ ಒಪ್ಪಿಕೊಂಡರು. ಪತ್ರಕರ್ತನಾಗಿ ಗುಪ್ತ ದಾಖಲೆ ಕೊಡಲು ಪ್ರೋತ್ಸಾಹಿಸಿದ್ದು ನಿಜ, ಅದಕ್ಕೆ ಅಮೆರಿಕದ ಸಂವಿಧಾನದ ರಕ್ಷಣೆ ಇದೆಯೆಂದು ನಂಬಿದ್ದೆ, ಆದರೆ ಅಂಥ ವಾದದಲ್ಲಿ ಗೆಲ್ಲುವುದು ಕಷ್ಟವೆಂದು ಒಪ್ಪುತ್ತೇನೆ ಎಂಬರ್ಥದಲ್ಲಿ ಮಾತಾಡಿದರು. ಅವರ ಕೃತ್ಯದಿಂದ ಹಾನಿಗೊಳಗಾದ ವ್ಯಕ್ತಿ ಇಂಥವರೆಂದು ಯಾರನ್ನೂ ಗುರುತಿಸಿಲ್ಲ ಎಂಬುದನ್ನು ನ್ಯಾಯಾಧೀಶೆ ರಮೋನಾ ಮಂಗ್ಲೋನಾ ಗಮನಕ್ಕೆ ತೆಗೆದುಕೊಂಡರು. ಅದೇ ದಿನ ಸಂಜೆ ಅವರು ಕ್ಯಾನ್‌ಬೆರಾದಲ್ಲಿ ಇಳಿದರು.

ತಾನು ಮಾಡಿದ್ದು ಸರಿಯೆಂದು ನಂಬಿದವನು ‘ತಪ್ಪಿತಸ್ಥ’ ಎಂದರೆ ಅದು ಸುಳ್ಳುಸಾಕ್ಷಿಯೇ? ನಮ್ಮಲ್ಲಿ ಕೆಲವರು ಹೌದೆಂದರು. ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು, ಮುಂದೆ ಮುಗಿಯದ ಸೆರೆ. ಆ ಜಾಗದಲ್ಲಿ ನಿಲ್ಲದ ನಾವು ಹೇಳುವುದು ಸುಲಭ. ಹೆಚ್ಚಿನವರ ಅಭಿಪ್ರಾಯ ಬೇರೆ: ಅವರು ಮಾಡದ್ದನ್ನು ಮಾಡಿದೆನೆನ್ನಲಿಲ್ಲ, ಮಾಡಿದ್ದನ್ನು ಮಾಡಿದೆನೆಂದರು, ಕಾನೂನು ಅದನ್ನು ಅಪರಾಧ ಎನ್ನುತ್ತದೆ ಎಂದೂ ಒಪ್ಪಿದರು. ಸುಳ್ಳು ಇದ್ದರೆ ಅವರ ಬಾಯಲ್ಲಿಲ್ಲ, ಕಾನೂನಿನ ಪದದಲ್ಲಿದೆ. ಆದರೆ ನಮಗೆ ಸಂಕಟವಾದದ್ದು ಇನ್ನೊಂದಕ್ಕೆ. ಆ ಒಂದು ಆರೋಪದಲ್ಲಿ ಎಲ್ಲವೂ ಒಂದೇ ಗಂಟು. ಬಾಗ್ದಾದಿನ ಬೀದಿ ತೋರಿಸಿದ್ದೂ ಅಫ್ಘಾನ್ ಹಳ್ಳಿಗನ ಹೆಸರು ತೋರಿಸಿದ್ದೂ ಬೇರೆಬೇರೆಯಾಗಿ ತೂಗಲ್ಪಡಲೇ ಇಲ್ಲ. ಹೊಗಳಬೇಕಾದದ್ದಕ್ಕೂ ಕೇಳಬೇಕಾದದ್ದಕ್ಕೂ ಸೇರಿಸಿ ಒಂದೇ ಮುದ್ರೆ ಬಿತ್ತು. ಹಳ್ಳಿಗನಿಗೂ ನ್ಯಾಯ ಸಿಗಲಿಲ್ಲ.

ಇದನ್ನು ಬರೆಯುವ ಮುಂಚೆ ಮಾಮನ ಮನೆಗೆ ಹೋಗಿದ್ದೆವು. ಅವರು ಆ ವಿಡಿಯೊವನ್ನು ಅಷ್ಟರಲ್ಲಿ ಮಗನ ಮೊಬೈಲಿನಲ್ಲಿ ನೋಡಿದ್ದರು. ಕಾಫಿ ಮುಗಿಯುವವರೆಗೂ ಮಾತಾಡಲಿಲ್ಲ. ಆಮೇಲೆ, “ಮೊದಲನೇ ಸಲ ಹೊಡೆದದ್ದನ್ನು ನಾನು ಏನೂ ಹೇಳೋದಿಲ್ಲ. ಮೇಲಿಂದ ಏನು ಕಾಣುತ್ತೆ ಅಂತ ನಮಗೆ ಗೊತ್ತು. ಆದರೆ ಗಾಯವಾದವನನ್ನ ಎತ್ತೋಕೆ ಬಂದ ಗಾಡಿಗೆ ಹೊಡೆದರಲ್ಲ, ಅದು ತಪ್ಪು. ಅದನ್ನ ಮುಚ್ಚಿಡಬಾರದಿತ್ತು” ಎಂದರು. ಹೆಸರುಗಳ ಬಗ್ಗೆ ಕೇಳಿದಾಗ ಮೊದಲು ಹೇಳಿದ್ದನ್ನೇ ಹೇಳಿದರು, ಒಂದಿಷ್ಟೂ ಬಿಟ್ಟುಕೊಡಲಿಲ್ಲ.

ಆ ಹುಡುಗಿಗೆ ನಾವು ಇದೆಲ್ಲವನ್ನೂ ಹೇಳಿದೆವು. ಅವಳು ಕೇಳಿಕೊಂಡು, “ಹಾಗಾದರೆ ಹೆಸರು ಬಿಟ್ಟುಕೊಟ್ಟಿದ್ದಕ್ಕೆ ಅವರಿಗೆ ಏನು ಶಿಕ್ಷೆ ಆಗಬೇಕಿತ್ತು? ಗಾಡಿಗೆ ಹೊಡೆದವರಿಗೆ ಏನು?” ಎಂದಳು. ಮುಂದಿನ ಸಭೆ ನಾಲ್ಕನೆಯ ಭಾನುವಾರ, ಎರಡನೆಯ ಪೂಜೆಯ ನಂತರ, ಧರ್ಮೋಪದೇಶದ ಕೊಠಡಿಯಲ್ಲಿ. ಹಿರಿಯರೂ ಬರಬಹುದು. ಹಬ್ಬದ ಲೆಕ್ಕವನ್ನು ಈ ಸಲ ಮೊದಲೇ ನೋಡಿಬಿಡುತ್ತೇವೆ.